ಡಿಸ್ಕು ನಿಧಾನ, ಬೈಗುಳ ರೇಣುಕಾಗೆ

ರೇಣುಕಾಳ ಲ್ಯಾಪ್‌ಟಾಪಿನ ಸ್ಕ್ರೂವಿನ ತಲೆ ಸವೆದು ಅದು ಅಲ್ಲೇ ಕಚ್ಚಿಕೊಳ್ಳಬಹುದಿತ್ತು. ನನ್ನ ಕೈಬೆವರು ತಗಲಿ ಬೋರ್ಡು ಸುಟ್ಟುಹೋಗಬಹುದಿತ್ತು. ಬೆವರು ಬಿಟ್ಟರೂ ಅಂಗಿಯ ಸ್ಟ್ಯಾಟಿಕ್ ಕರೆಂಟು ಬಿಡದಿರಬಹುದಿತ್ತು. ಅದಕ್ಕೆಂದೇ ಆ ದಿನ ಬೀರುವಿನಲ್ಲಿ ಹುಡುಕಿ ಹತ್ತಿಯ ಅಂಗಿ ತೊಟ್ಟಿದ್ದೆ. ಅಂಗಡಿಯವನು ಕೊಟ್ಟ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕು ನಕಲಿಯಾಗಿರಬಹುದಿತ್ತು. ಬಿಚ್ಚಿದರೆ ಒಳಗೊಂದು ಪೆನ್ ಡ್ರೈವನ್ನು ಅಂಟಿಸಿ, ತೂಕಕ್ಕೆ ಕಬ್ಬಿಣದ ಚೂರು ಇಟ್ಟಿರಬಹುದಿತ್ತು. ಹಳೆ ಡಿಸ್ಕಿನಿಂದ ಹೊಸದಕ್ಕೆ ಎಲ್ಲವನ್ನೂ ಕ್ಲೋನ್ ಮಾಡುವಾಗ ನಾನು ಗಾಬರಿಯಲ್ಲಿ ದಿಕ್ಕು ತಪ್ಪಿ, ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದು, ಎರಡು ಖಾಲಿ ಡಿಸ್ಕುಗಳ ಒಡೆಯನಾಗಬಹುದಿತ್ತು. ಮಳೆ ಬಂದು ಇಂಡಸ್ಟ್ರಿಯಲ್ ಎಸ್ಟೇಟಿನ ಕರೆಂಟು ಹೋಗಬಹುದಿತ್ತು. ಎಲ್ಲ ಸರಿಯಾದ ಮೇಲೂ ಡ್ರಾಯಿಂಗ್ ಸಾಫ್ಟ್‌ವೇರಿನ ಲೈಸೆನ್ಸು ಹೊಸ ಡಿಸ್ಕನ್ನು ನೋಡಿ ನೀನು ಯಾರು ಅನ್ನಬಹುದಿತ್ತು. ನಮ್ಮ ಮಾಲೀಕರು, ಮುದಲಾಳಿ, ಮೆಟ್ಟಿಲು ಹತ್ತಿ ಬಂದು ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಕಾಣಬಹುದಿತ್ತು. ನನ್ನ ಕೆಲಸ ಹೋಗಬಹುದಿತ್ತು. ಅದಕ್ಕೂ ಮೊದಲು ರೇಣುಕಾಳ ಕೆಲಸ ಹೋಗಬಹುದಿತ್ತು.

ಇಷ್ಟನ್ನೂ ನಾನು ಮುಂಚಿತವಾಗಿ ಯೋಚಿಸಿಟ್ಟುಕೊಂಡಿದ್ದೆ. ನನಗೆ ಚೆನ್ನಾಗಿ ಬರುವ ಕೆಲಸ ಅದೊಂದೇ. ನನ್ನ ಹೆಂಡತಿ ವೈದೇಹಿ ಹೇಳುವಂತೆ, ನಾನು ಚೆನ್ನೈನ ಎಗ್ಮೋರಿನಲ್ಲಿ ರೈಲು ಹತ್ತುವ ಹೊತ್ತಿಗೆ, ಅದು ಹಳಿ ತಪ್ಪಿದ ಮೇಲೆ ಮೊದಲು ಯಾರಿಗೆ ಫೋನು ಮಾಡಬೇಕು ಅನ್ನುವುದು ಗೊತ್ತಾಗಿರುತ್ತದೆ.

ಮೊನ್ನೆ ವಿಜಯದಶಮಿಯ ಬೆಳಗ್ಗೆ ಬಸ್ಸಿನಲ್ಲಿ ಅಂಬತ್ತೂರು ಎಸ್ಟೇಟನ್ನು ದಾಟಿಕೊಂಡು ಹೋಗುತ್ತಿದ್ದೆ. ಶೆಡ್ಡುಗಳ ಬಾಗಿಲಲ್ಲಿ ಹಿಂದಿನ ದಿನ ಒಡೆದ ಬೂದುಗುಂಬಳದ ಹೋಳುಗಳು, ಅವುಗಳ ಕುಂಕುಮ ಮಳೆನೀರಿನಲ್ಲಿ ಕರಗಿ ರಸ್ತೆಯಂಚಿನಲ್ಲಿ ಹರಿಯುತ್ತಿತ್ತು. ಲೇತಿನ ಎಣ್ಣೆ, ಊದುಬತ್ತಿ, ಒದ್ದೆ ತುಕ್ಕು ಮೂರೂ ಬೆರೆತ ವಾಸನೆ ಕಿಟಕಿಯಿಂದ ಒಳಗೆ ಬಂತು. ಪಕ್ಕದಲ್ಲಿ ಕೂತಿದ್ದವರು ಭಕ್ತಿಯಿಂದ ಕೆನ್ನೆ ಬಡಿದುಕೊಂಡರು. ನನಗೆ ಎದೆ ಉರಿಯಲು ಶುರುವಾಯಿತು. ಸಿಟ್ಟು ಬಂದರೆ ಬೇರೆಯವರಿಗೆ ಕಣ್ಣು ಕೆಂಪಾಗುತ್ತದೆ, ನನಗೆ ಅಸಿಡಿಟಿ. ಮಾತ್ರೆ ನುಂಗಿದೆ. ಸಿಟ್ಟು ಇಳಿಯಲಿಲ್ಲ. ಆ ಡಿಸ್ಕಿನ ವರ್ಷದ ಸಿಟ್ಟು ಇನ್ನೂ ಹಾಗೇ ಇದೆ ಅನ್ನುವುದು ಆಗ ಗೊತ್ತಾಯಿತು.

ಆಗ ನಾನು ಆ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಡಿಸೈನ್ ವಿಭಾಗದ ಮುಖ್ಯಸ್ಥ. ಕೆಳಗೆ ಶೆಡ್ಡಿನಲ್ಲಿ ತಗಡು ಒತ್ತುವ ಅಚ್ಚುಗಳನ್ನು ಕಡೆಯುವ ಯಂತ್ರಗಳು. ಮೇಲೆ, ತಗಡಿನ ಮಾಡಿನ ಕೆಳಗೆ, ಆ ಅಚ್ಚುಗಳ ನಕ್ಷೆ ಬರೆಯುವ ನಾವು ಕೆಲವರು. ಮಾಲೀಕರನ್ನು ಊರಿನ ರೂಢಿಯಂತೆ ಎಲ್ಲರೂ ಮುದಲಾಳಿ ಎನ್ನುತ್ತಿದ್ದರು. ನಕ್ಷೆಯವರಲ್ಲಿ ಎಲ್ಲರಿಗಿಂತ ಚುರುಕಾದ ಕೈ ರೇಣುಕಾಳದು. ಅವಳಪ್ಪ ಹುಬ್ಬಳ್ಳಿ ಕಡೆಯಿಂದ ರೈಲ್ವೆ ಕೆಲಸಕ್ಕೆ ಪೆರಂಬೂರಿಗೆ ಬಂದವರು. ನಮ್ಮದು ತಲೆಮಾರುಗಳಿಂದ ಟ್ರಿಪ್ಲಿಕೇನಿನಲ್ಲಿ ಕೂತ ಕನ್ನಡದ ಮನೆ. ಅವಳ ಕನ್ನಡ ನನಗೆ ಜೋರು, ನನ್ನ ಕನ್ನಡ ಅವಳಿಗೆ ತಮಿಳು. ನಾವಿಬ್ಬರೂ ಮಾತಾಡಿಕೊಂಡರೆ ಉಳಿದವರು ಜಗಳ ಅಂದುಕೊಂಡು ತಿರುಗಿ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ರೇಣುಕಾಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅವಳು ರಜೆ ಹಾಕಿದಳು. ತಿರುಗಿ ಬಂದಾಗ ಅವಳ ಲ್ಯಾಪ್‌ಟಾಪ್ ಹೊಸದಾಗಿ ಸೇರಿದ ಟ್ರೈನಿಯ ಮೇಜಿನ ಮೇಲಿತ್ತು. ಬೀರುವಿನೊಳಗೆ ಬಹಳ ಕಾಲ ಮಲಗಿದ್ದ ಒಂದು ಹಳೆಯ ಲ್ಯಾಪ್‌ಟಾಪನ್ನು ಒರೆಸಿ ಅವಳಿಗೆ ಕೊಟ್ಟರು. ಬ್ಯಾಟರಿ ಸತ್ತುಹೋಗಿ, ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದರೆ ಮಾತ್ರ ಬದುಕುವ ಪ್ರಾಣಿ ಅದು. ನಮ್ಮೆಲ್ಲರ ಯಂತ್ರಗಳಲ್ಲಿ ಎಸ್‌ಎಸ್‌ಡಿ ಬಂದಾಗಿತ್ತು. ಅದರಲ್ಲಿ ಮಾತ್ರ ಹಳೆ ಕಾಲದ, ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕು.

ಇದಾದ ಸ್ವಲ್ಪ ದಿನಕ್ಕೆ ಮುದಲಾಳಿ ಒಂದು ಹೊಸ ಸಾಫ್ಟ್‌ವೇರ್ ಹಾಕಿಸಿದರು. ಯಾರು ದಿನಕ್ಕೆ ಎಷ್ಟು ನಕ್ಷೆ ಮುಗಿಸಿದರು ಅನ್ನುವುದನ್ನು ಅದು ಬಣ್ಣದ ಪಟ್ಟಿಗಳಲ್ಲಿ ತೋರಿಸುತ್ತಿತ್ತು. ಸೋಮವಾರ ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿಕೊಂಡು ಅವರು ಅದನ್ನು ಗೋಡೆಯ ಟಿವಿಯಲ್ಲಿ ಹಾಕುತ್ತಿದ್ದರು. ಎಲ್ಲರದೂ ಹಸಿರು ಪಟ್ಟಿ. ರೇಣುಕಾಳದು ಕೆಂಪು, ಮೊಂಡು ಪೆನ್ಸಿಲಿನಷ್ಟು.

"ಎನ್ನಮ್ಮಾ, ಮನೆಯಲ್ಲಿ ನಿದ್ದೆ ಸಾಲದೇ? ಇಲ್ಲಿ ಬಂದು ಮಾಡ್ತೀಯಾ?" ಎಂದು ತಮಿಳಿನಲ್ಲಿ ಕೇಳಿದರು, ಕೆಳಗಿನ ಶೆಡ್ಡಿಗೂ ಕೇಳುವಂತೆ. "ದೀಪಾವಳಿವರೆಗೆ ನೋಡ್ತೇನೆ. ಆಮೇಲೆ ನೀನೇ ಬೇರೆ ಕಡೆ ನೋಡಿಕೋ."

ರೇಣುಕಾ ತಲೆ ತಗ್ಗಿಸಲಿಲ್ಲ. ಟಿವಿಯನ್ನೇ ನೋಡುತ್ತ ನಿಂತಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಸೊಂಟಕ್ಕೆ ರಾಡು ಹಾಕಿಸಿಕೊಂಡು ಮಲಗಿದ ತಾಯಿ, ಶಾಲೆಗೆ ಹೋಗುವ ಮಗಳು. ಆದರೆ ಕೆಲಸ ಹೋಗುವ ಭಯಕ್ಕಿಂತ ಆ 'ನಿದ್ದೆ' ಅನ್ನುವ ಮಾತು ಅವಳ ಮುಖದಲ್ಲಿ ಹೆಚ್ಚು ಕಾಣಿಸಿತು. ಹತ್ತಾರು ವರ್ಷ ದುಡಿದ ಕೈಗೆ ಟ್ರೈನಿಗಳ ಮುಂದೆ ಹಾಗನ್ನಿಸಿಕೊಳ್ಳುವುದೆಂದರೆ ಏನು ಅನ್ನುವುದನ್ನು ಆ ಬಣ್ಣದ ಪಟ್ಟಿ ಅಳೆಯುವುದಿಲ್ಲ.

ಒಂದು ದಿನ ಅವಳು ತಾಯಿಯನ್ನು ಆಸ್ಪತ್ರೆಗೆ ತೋರಿಸಲು ಹೋಗಿದ್ದಳು. ಗಿರಾಕಿಗೆ ತುರ್ತಾಗಿ ಒಂದು ಅಚ್ಚಿನ ನಕ್ಷೆ ಬೇಕಾಯಿತು. ಅವಳ ಕುರ್ಚಿಯಲ್ಲಿ ಕೂತು ಫೈಲಿನ ಮೇಲೆ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಡಿಸ್ಕಿನೊಳಗೆ ಇಲಿ ತೆಂಗಿನ ಚಿಪ್ಪು ಕೆರೆಯುವಂಥ ಸದ್ದು. ನೀರು ಕುಡಿದು ಬಂದೆ, ಚಕ್ರ ತಿರುಗುತ್ತಿತ್ತು. ವೈದೇಹಿಗೆ ಫೋನು ಮಾಡಿ ಗ್ಯಾಸ್ ಆರಿಸಿದ್ದಾಳೋ ಇಲ್ಲವೋ ಕೇಳಿ ಬೈಸಿಕೊಂಡು ಬಂದೆ, ಆಗಲೂ ತಿರುಗುತ್ತಿತ್ತು. ತೆರೆದುಕೊಂಡ ಮೇಲೆ ಒಂದು ಬೋಲ್ಟು ಸರಿಸಿದೆ. ಮತ್ತೆ ಚಕ್ರ. ಈ ಯಂತ್ರದಲ್ಲಿ ಅವಳು ದಿನಕ್ಕೆ ಒಂದಾದರೂ ನಕ್ಷೆ ಹೇಗೆ ಮುಗಿಸುತ್ತಿದ್ದಳು ಅನ್ನುವುದೇ ಆಶ್ಚರ್ಯ. ಯಂತ್ರ ಕಾಯಿಸಿದ ಹೊತ್ತನ್ನೆಲ್ಲ ಆ ಸಾಫ್ಟ್‌ವೇರು ಹೆಂಗಸಿನ ಹೆಸರಿಗೆ ಬರೆಯುತ್ತಿತ್ತು. ನನಗೆ ಎದೆ ಉರಿ ಶುರುವಾದದ್ದು ಆವತ್ತು.

ಮರುದಿನ ಕೇಳಿದೆ, "ರೇಣುಕಾ, ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀವು?"

"ಹೇಳೀನಲ್ರೀ ಸರ. ಮುದಲಾಳಿ ಏನಂದ್ರು ಗೊತ್ತೇನು? ಕುಣಿಯಾಕ ಬರದವರು ಅಂಗಳ ಡೊಂಕು ಅಂತಾರ ಅಂತ ತಮಿಳಿನ್ಯಾಗ ಏನೋ ಅಂದ್ರು. ಈಗ ನಾ ಕುಣಿಯೂದೂ ಬಿಟ್ಟೀನಿ, ಅಂಗಳ ನೋಡೂದೂ ಬಿಟ್ಟೀನಿ. ಫೈಲ್ ತೆರೆಯೂ ಹೊತ್ತಿನ್ಯಾಗ ಅವ್ವನ ಔಷಧಿ ಹೆಸರು ಬಾಯಿಪಾಠ ಮಾಡಾಕ್ಹತ್ತೀನಿ."

ನಾನು ಧೈರ್ಯ ಮಾಡಿ ಮುದಲಾಳಿಯ ಕೋಣೆಗೆ ಹೋದೆ. ಧೈರ್ಯ ಅಂದರೆ, ಬಾಗಿಲಲ್ಲಿ ಎರಡು ಸಲ ಹಿಂದಕ್ಕೆ ಬಂದು ಮೂರನೆಯ ಸಲ ಹೋದದ್ದು. ನನಗೆ ಗೊತ್ತಿದ್ದ ರೀತಿಯಲ್ಲಿ ವಿವರಿಸಿದೆ. ಒಂದು ಅಚ್ಚಿನ ನಕ್ಷೆಯಲ್ಲಿ ನೂರಾರು ತುಂಡುಗಳಿರುತ್ತವೆ. ಪ್ರತಿಯೊಂದೂ ಬೇರೆ ಫೈಲು, ಡಿಸ್ಕಿನ ಬೇರೆ ಬೇರೆ ಮೂಲೆಯಲ್ಲಿ. ಹಳೆ ಡಿಸ್ಕಿನ ಮುಳ್ಳು ಹೋಟೆಲಿನ ದಡ್ಡ ಸಪ್ಲೈಯರನಂತೆ. ಇಡ್ಲಿಗೊಮ್ಮೆ ಅಡುಗೆಮನೆಗೆ ಹೋಗುತ್ತದೆ, ಚಟ್ನಿಗೊಮ್ಮೆ, ಸಾಂಬಾರಿಗೊಮ್ಮೆ, ಚಮಚಕ್ಕೊಮ್ಮೆ. ಎಸ್‌ಎಸ್‌ಡಿಯಲ್ಲಿ ನಡೆಯುವ ಕಾಲೇ ಇಲ್ಲ, ಎಲ್ಲವೂ ಕೈಗೆಟುಕುವ ಕಡೆ ಇರುತ್ತದೆ. ದುಬಾರಿಯದು ಬೇಡ, ಸಾಧಾರಣದ್ದು ಸಾಕು.

ಮುದಲಾಳಿ ಎಲ್ಲ ಕೇಳಿಸಿಕೊಂಡರು. "ಮೆಷಿನ್ ಮೇಲೆ ಪಳಿ ಪೋಡಾದೀಂಗ, ಸಾರ್," ಅಂದರು. ಯಂತ್ರದ ಮೇಲೆ ತಪ್ಪು ಹೊರಿಸಬೇಡಿ. ಆದರೂ ಹಿರಿಯನೆಂಬ ಮರ್ಯಾದೆಗೆ ಕಂಪ್ಯೂಟರ್ ನೋಡಿಕೊಳ್ಳುವ ಏಜೆನ್ಸಿಯವನನ್ನು ಕರೆಸಿದರು.

ಅವನು ಒಂದು ಡಬ್ಬಿ ತಂದ. ಅದರ ಮೇಲೆ ವೇಗದ ಅಂಕಿಯನ್ನು ಸಿನಿಮಾ ಪೋಸ್ಟರಿನಷ್ಟು ದಪ್ಪ ಅಕ್ಷರದಲ್ಲಿ ಬರೆದಿತ್ತು. ಒಳಗೆ ಚೂಯಿಂಗ್ ಗಮ್ಮಿನ ಪಟ್ಟಿಯಂಥ ಒಂದು ಎಸ್‌ಎಸ್‌ಡಿ. ರೇಣುಕಾಳ ಲ್ಯಾಪ್‌ಟಾಪನ್ನು ಬಿಚ್ಚಿ ನೋಡಿದರೆ ಅಂಥ ಪಟ್ಟಿ ಕೂರಿಸುವ ಜಾಗವೇ ಅದರಲ್ಲಿಲ್ಲ. ಅದಕ್ಕೆ ಬೇಕಾದದ್ದು ಹಳೆ ಡಿಸ್ಕಿನ ಅಳತೆಯ ಚಪ್ಪಟೆ ಪೆಟ್ಟಿಗೆಯಂಥದ್ದು. ಅದು ಎಲ್ಲ ಕಡೆ ಸಿಗುತ್ತದೆ. ಅದನ್ನು ತಾ ಎಂದರೆ, ಅದರಲ್ಲಿ ಅವನಿಗೇನೂ ಉಳಿಯುವುದಿಲ್ಲವೋ ಏನೋ, "ಸ್ಲಾಟ್ ಇಲ್ಲೆ ಸಾರ್, ಹೊಸ ಲ್ಯಾಪ್‌ಟಾಪೇ ವಾಂಗಣುಂ" ಅಂದ, ಹೊಸದನ್ನೇ ಕೊಳ್ಳಬೇಕಂತೆ. ಮುದಲಾಳಿ ನನ್ನ ಕಡೆ ನೋಡಿ ನಕ್ಕರು: ನೋಡಿದಿರಾ, ಡಿಸ್ಕಿನಿಂದ ಶುರುವಾಗಿ ಲ್ಯಾಪ್‌ಟಾಪಿಗೆ ಬಂತು.

ತಂದ ಪಟ್ಟಿಯನ್ನು ವಾಪಸು ಕಳಿಸಲಿಲ್ಲ. ಅದನ್ನು ಮುದಲಾಳಿಯ ಲ್ಯಾಪ್‌ಟಾಪಿಗೇ ಹಾಕಿಸಿಕೊಂಡರು. ಆ ಕಟ್ಟಡದಲ್ಲೇ ಅತಿ ವೇಗದ ಡಿಸ್ಕು, ನಕ್ಷೆ ಹೋಗಲಿ ಒಂದು ಗೆರೆಯನ್ನೂ ಬರೆಯದ ಯಂತ್ರದೊಳಗೆ ಕೂತಿತು. ಅದರಿಂದ ಆದ ಲಾಭ ಒಂದೇ. ಸೋಮವಾರ ರೇಣುಕಾಳ ಕೆಂಪು ಪಟ್ಟಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು.

ಒಂದು ಮಧ್ಯಾಹ್ನ ನಾನು ರಜೆ ಹಾಕಿ ರಿಚಿ ಸ್ಟ್ರೀಟಿಗೆ ಹೋದೆ. ಚೆನ್ನೈನಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಎಲ್ಲರೂ ಹೋಗುವ ಓಣಿ ಅದು. ಮಳೆ ಹನಿಯುತ್ತಿತ್ತು. ತಲೆಯ ಮೇಲೆ ವೈರು, ಕಾಲ ಕೆಳಗೆ ಕೆಸರು, ನಡುವೆ ಕೈಗಾಡಿ. ನಾಲ್ಕಾರು ಅಂಗಡಿಗಳಲ್ಲಿ ಇದು ಅಸಲಿಯೇ, ಇದಕ್ಕೆ ಬೆಂಕಿ ಹತ್ತುವುದಿಲ್ಲವೇ, ಬಿಸಿಲಿಗೆ ಮರೆಯುವುದಿಲ್ಲವೇ ಎಂದು ಕೇಳಿ ಅವರ ಪ್ರಾಣ ತಿಂದು, ಕೊನೆಗೆ ಒಂದು ಸಾಧಾರಣ ಎಸ್‌ಎಸ್‌ಡಿಯನ್ನೂ ಅದನ್ನು ಹೊರಗಿನಿಂದ ಜೋಡಿಸುವ ಕೇಬಲನ್ನೂ ಕೊಂಡೆ. ಮನೆಯಲ್ಲಿ ವೈದೇಹಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಕಂಪನಿ ಯಂತ್ರಕ್ಕೆ ನೀವು ಯಾಕೆ ತರಬೇಕು?" ಎಂದಳು. "ಸಿಟ್ಟಿಗೆ" ಅಂದೆ. "ಬೇರೆ ಗಂಡಸರು ಸಿಟ್ಟಿಗೆ ತಟ್ಟೆ ಒಡೀತಾರೆ, ನೀವು ಶಾಪಿಂಗ್ ಮಾಡ್ತೀರಿ," ಅಂದು ಒಳಗೆ ಹೋದಳು.

ಹಾಕುವುದು ಯಾವಾಗ? ಅಪ್ಪಣೆಯಿಲ್ಲದೆ ಯಾರೂ ಯಂತ್ರ ಬಿಚ್ಚುವ ಹಾಗಿರಲಿಲ್ಲ. ಆಗ ನನ್ನ ಹೆದರುವ ತಲೆಗೆ ಹೊಳೆದದ್ದು ಆಯುಧಪೂಜೆ. ಎಸ್ಟೇಟಿನಲ್ಲಿ ಆವತ್ತು ಬೆಳಗ್ಗೆ ಎಲ್ಲ ಯಂತ್ರಗಳನ್ನೂ ಬಿಚ್ಚಿ, ತೊಳೆದು, ಎಣ್ಣೆ ಹಚ್ಚುವುದು ಪದ್ಧತಿ. ಕೆಳಗೆ ಲೇತುಗಳ ಮೈ ತೆರೆದಿರುತ್ತದೆ, ಮೇಲೆ ಕೀಬೋರ್ಡುಗಳನ್ನು ಮಗುಚಿ ಕೊಡವುತ್ತಿರುತ್ತಾರೆ. ವರ್ಷದಲ್ಲಿ ಆ ಒಂದು ದಿನ ಸ್ಕ್ರೂಡ್ರೈವರ್ ಹಿಡಿದವನನ್ನು ಯಾರೂ ಏನೆಂದು ಕೇಳುವುದಿಲ್ಲ.

ರೇಣುಕಾಗೆ ಹೇಳಿದೆ. ದೀಪಾವಳಿಗೆ ಕೊಡಬೇಕಾದ ದೊಡ್ಡ ಅಚ್ಚೊಂದರ ಅರ್ಧ ಮುಗಿದ ಕೆಲಸ ಅವಳ ಡಿಸ್ಕಿನಲ್ಲೇ ಇತ್ತು. ಅದು ಹೋದರೆ ಮುದಲಾಳಿ ದೀಪಾವಳಿಯವರೆಗೆ ಕಾಯಬೇಕಾಗಿಯೇ ಇರಲಿಲ್ಲ. ಅದನ್ನು ಒಂದು ಪೆನ್ ಡ್ರೈವಿಗೆ ಹಾಕಿಕೊಂಡೆ. ಆ ಪೆನ್ ಡ್ರೈವಿನ ಮೇಲೆ ನಂಬಿಕೆ ಸಾಲದೆ ಇನ್ನೊಂದಕ್ಕೂ ಹಾಕಿದೆ. ಬೆಳಗ್ಗೆ ಬೇಗ ಬಂದು ಹೊಸ ಡಿಸ್ಕನ್ನು ಕೇಬಲಿಗೆ ಸಿಕ್ಕಿಸಿ ಕ್ಲೋನ್ ಶುರುಮಾಡಿದೆವು. ಹಳೆ ಡಿಸ್ಕು ತನ್ನ ನಡಿಗೆಯಲ್ಲಿ ಒಂದೊಂದೇ ಹೊತ್ತು ಹಾಕುತ್ತಿತ್ತು. ಪೂಜೆ ಸಂಜೆಗೆ. ಅಷ್ಟರೊಳಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ಎಲ್ಲರೊಂದಿಗೆ ಕೆಳಗೆ ಊಟಕ್ಕೆ ಹೋದೆವು.

ಮುದಲಾಳಿಯ ತಾಯಿಯನ್ನು ಎಲ್ಲರೂ ಪೆರಿಯಮ್ಮ ಅನ್ನುತ್ತಿದ್ದರು. ಪ್ರತಿವರ್ಷ ಪೂಜೆ ಮಾಡುವವರು ಅವರೇ. ಯಾರೋ ಸಂಜೆಯ ಹೊತ್ತು ಚೆನ್ನಾಗಿಲ್ಲವೆಂದು ಹೇಳಿದ್ದರಿಂದ ಆ ಸಲ ಮಧ್ಯಾಹ್ನವೇ ಬಂದುಬಿಟ್ಟಿದ್ದರು. ನಾವು ಮೆಟ್ಟಿಲು ಹತ್ತಿ ಬಂದಾಗ ಪೆರಿಯಮ್ಮ ಎಲ್ಲ ಲ್ಯಾಪ್‌ಟಾಪುಗಳನ್ನೂ ಸಾಲಾಗಿ ಮುಚ್ಚಿ, ಗಂಧ ಕುಂಕುಮ ಹಚ್ಚಿ, ಹೂವಿಟ್ಟಿದ್ದರು. ರೇಣುಕಾಳದಕ್ಕೆ ಒಂದು ಹಾರ ಹೆಚ್ಚಾಗಿಯೇ ಬಿದ್ದಿತ್ತು. ಕೇಬಲಿನ ತುದಿಯಲ್ಲಿದ್ದ ಹೊಸ ಡಿಸ್ಕಿನ ಮೇಲೂ ಒಂದು ಬೊಟ್ಟು. ಪೂಜೆಯ ಯಂತ್ರ ಓಡುತ್ತಿರಬಾರದೆಂದು ಗೋಡೆಯ ಮೇನ್ ಸ್ವಿಚ್ಚನ್ನು ಆರಿಸಿದ್ದರು. ಬ್ಯಾಟರಿ ಸತ್ತ ಲ್ಯಾಪ್‌ಟಾಪು ಕ್ಲೋನಿನ ನಡುವೆ ತಟ್ಟನೆ ಆರಿಹೋಗಿತ್ತು.

ಸ್ವಿಚ್ಚಿನ ಕಡೆ ಕೈ ಚಾಚಿದೆ.

"ಅಯ್ಯಯ್ಯೋ, ಇನ್ನು ನಾಳೆ ಬೆಳಗ್ಗೆವರೆಗೆ ಮುಟ್ಟಬಾರದಪ್ಪಾ," ಎಂದರು ಪೆರಿಯಮ್ಮ, ಪ್ರೀತಿಯಿಂದಲೇ. "ವರ್ಷವೆಲ್ಲ ದುಡಿಯುತ್ತೆ ಪಾಪ. ಮೆಷಿನ್‌ಗೂ ಒಂದು ದಿನ ರೆಸ್ಟ್ ಬೇಡವಾ?"

ಅವರ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ. ಆದರೆ ಆ 'ಪಾಪ' ಅನ್ನುವುದು ನನ್ನ ಎದೆಯಲ್ಲಿ ಚುಚ್ಚಿಕೊಂಡಿತು. ಅಲ್ಲಿ ಸತ್ತ ಬ್ಯಾಟರಿಗೆ ಪಾಪ ಇತ್ತು, ಕೆರೆಯುವ ಡಿಸ್ಕಿಗೆ ಪಾಪ ಇತ್ತು, ಕೆಟ್ಟರೆ ಗಾಳಿ ಸೋಕಿತೆಂದು ನಿಂಬೆಹಣ್ಣು ಕಟ್ಟುವವರಿದ್ದರು. ಆ ಡಿಸ್ಕಿನ ಮುಂದೆ ದಿನವಿಡೀ ಕಾದು ಕೂರುವ ಹೆಂಗಸಿಗೆ ಮಾತ್ರ ನಿದ್ದೆಬಡುಕಿ ಎಂಬ ಬಿರುದು.

ರೇಣುಕಾ ಹಾರ ಹೊತ್ತ ಲ್ಯಾಪ್‌ಟಾಪನ್ನು ನೋಡಿದಳು. "ಬಿಡ್ರಿ ಸರ, ಡಿಸ್ಕಿಗೆ ಅರಿಶಿನ ಕುಂಕುಮ ಆತು, ಇನ್ನ ಉಡಿ ತುಂಬೂದೊಂದ ಬಾಕಿ," ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು, "ಹೋಗಿಬಿಟ್ಟಿರತೈತೇನ್ರಿ ಎಲ್ಲಾ?"

"ಏನೂ ಆಗಿರಲ್ಲ," ಅಂದೆ. ನನ್ನ ಜೀವಮಾನದಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು. ಜೇಬಿನಲ್ಲಿ ಎರಡು ಪೆನ್ ಡ್ರೈವುಗಳಿದ್ದರೂ ಅವಳು ನಂಬಲಿಲ್ಲ, ನಾನೂ ನಂಬಲಿಲ್ಲ. ಇಬ್ಬರೂ ಪ್ರಸಾದದ ಪುರಿ ಕಡಲೆಯ ಪೊಟ್ಟಣ ಹಿಡಿದು ಮನೆಗೆ ಹೋದೆವು.

ವಿಜಯದಶಮಿಯ ಬೆಳಗ್ಗೆ ಎಲ್ಲರೂ ಬಂದು, ಕರ್ಪೂರ ಬೆಳಗಿ, ಪ್ರತಿ ಯಂತ್ರವನ್ನೂ ಒಂದು ಗಳಿಗೆ ಓಡಿಸಿ ಮನೆಗೆ ಹೋಗುವುದು ಸಂಪ್ರದಾಯ. ರೇಣುಕಾ ಗುಂಡಿ ಒತ್ತಿದಳು. ಇಲಿ ಕೆರೆಯಿತು. ಆ ಸದ್ದು ಕೇಳಿ ನನಗೆ ಸಂತೋಷವಾದದ್ದು ಆವತ್ತೊಂದೇ ದಿನ. ಹಳೆ ಡಿಸ್ಕಿನಲ್ಲಿ ಎಲ್ಲ ಇದ್ದ ಹಾಗೇ ಇತ್ತು. ಅರ್ಧಕ್ಕೆ ನಿಂತದ್ದು ನಕಲು ಮಾತ್ರ. ಉಳಿದವರು ಹೋದ ಮೇಲೆ ನಾವಿಬ್ಬರೂ ಕೂತು ಮೊದಲಿನಿಂದ ಕ್ಲೋನ್ ಮಾಡಿದೆವು. ಹಿಂದಿನ ಮುಚ್ಚಳ ಬಿಚ್ಚಿ ಹಳೆಯದನ್ನು ತೆಗೆದೆ. ಹೊಸದನ್ನು ಕೂರಿಸಿದವಳು ರೇಣುಕಾ. ಗುಂಡಿ ಒತ್ತಿದಳು. ಸದ್ದೇ ಇಲ್ಲ. ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಪರದೆ ತೆರೆದುಕೊಂಡು ನಮ್ಮನ್ನೇ ಕಾಯುತ್ತಿತ್ತು. ಲೈಸೆನ್ಸು ತಕರಾರು ತೆಗೆಯಲಿಲ್ಲ. ದೊಡ್ಡ ಅಚ್ಚಿನ ಫೈಲಿನ ಮೇಲೆ ಒತ್ತಿದಳು. ಅವ್ವನ ಒಂದು ಔಷಧಿಯ ಹೆಸರೂ ನೆನಪಾಗುವ ಮೊದಲೇ ಅಚ್ಚು ಇಡಿಯಾಗಿ ನಿಂತಿತ್ತು. ಅವಳು ಮೌಸಿನಿಂದ ಅದನ್ನು ಒಮ್ಮೆ ಆ ಕಡೆ ತಿರುಗಿಸಿದಳು, ಒಮ್ಮೆ ಈ ಕಡೆ. ಸುಮ್ಮನೆ, ಮಕ್ಕಳು ಬುಗುರಿ ತಿರುಗಿಸುವಂತೆ. ನಾನು ಮುಚ್ಚಳದ ಸ್ಕ್ರೂ ಬಿಗಿಯುವ ನೆವದಲ್ಲಿ ತಲೆ ತಗ್ಗಿಸಿಕೊಂಡೆ.

ಮುಂದಿನ ದಿನಗಳಲ್ಲಿ ಹೊರಗೆ ಈಶಾನ್ಯ ಮಳೆ ಹಿಡಿದುಕೊಂಡಿತು. ತಗಡಿನ ಮಾಡಿನ ಸದ್ದಿನಲ್ಲಿ ಫೋನು ಕೇಳುತ್ತಿರಲಿಲ್ಲ. ರೇಣುಕಾ ತಲೆಯೆತ್ತದೆ ಕೆಲಸ ಮಾಡಿದಳು. ಕೆಂಪು ಪಟ್ಟಿ ಹಸಿರಾಯಿತು, ಬೆಳೆಯಿತು, ದೀಪಾವಳಿಯ ವಾರ ಎಲ್ಲರನ್ನೂ ದಾಟಿ ಟಿವಿಯ ಅಂಚು ಮುಟ್ಟಿತು. ದೊಡ್ಡ ಅಚ್ಚು ಹೇಳಿದ ದಿನಕ್ಕಿಂತ ಮೊದಲೇ ಮುಗಿಯಿತು.

ಆ ಸೋಮವಾರ ಮುದಲಾಳಿ ಎಲ್ಲರನ್ನೂ ಕರೆದರು. ರೇಣುಕಾಳ ಕೈಗೆ ಸಿಹಿಯ ಡಬ್ಬಿ ಕೊಟ್ಟರು. ಚಪ್ಪಾಳೆ ತಟ್ಟಿಸಿದರು. "ನೋಡಿ, ಎಲ್ಲರೂ ನೋಡಿ," ಎಂದರು. "ಈಯಮ್ಮನ ಮೇಲೆ ನಾನು ಕೂಗಾಡಿದಾಗ ನಿಮಗೆಲ್ಲ ಬೇಜಾರಾಯ್ತು. ಈಗ ರಿಸಲ್ಟ್ ನೋಡಿ! ಮನುಷ್ಯನಿಗೆ ಎರಡು ಬೈಗುಳ ಸರಿಯಾದ ಹೊತ್ತಿಗೆ ಬಿದ್ದರೆ ಸಾಕು."

"ಸಾರ್, ಅದು ಡಿಸ್ಕು..." ಅಂದೆ.

ಪಕ್ಕದಿಂದ ರೇಣುಕಾಳ ಮೊಣಕೈ ಪಕ್ಕೆಗೆ ತಾಗಿತು. "ಸುಮ್ಕಿರ್ರೀ ಸರ," ಎಂದಳು ಪಿಸುಮಾತಿನಲ್ಲಿ, ಮುಖದ ನಗು ಅಳಿಸದೆ. "ಈಗ ಬಾಯಿ ಬಿಟ್ರ ನೀವೂ ಮನಿಗೆ, ನಾನೂ ಮನಿಗೆ. ನನ್ನ ಕೆಲಸ ಉಳದೈತಿ. ನಿಮ್ಮ ಸಿಟ್ಟು ನಿಮ್ಮ ಹತ್ರನ ಇಟ್ಕೊರಿ."

ಇಟ್ಟುಕೊಂಡೆ. ಇವತ್ತಿಗೂ ಇದೆ. ಅಷ್ಟಕ್ಕೇ ಮುಗಿದಿದ್ದರೂ ಆಗುತ್ತಿತ್ತು. ಮುದಲಾಳಿ ನನ್ನ ಹೆಗಲ ಮೇಲೆ ಕೈ ಹಾಕಿದರು. "ಸಾರ್, ನೀವು ತುಂಬ ಮೆತ್ತಗೆ. ಮೆಷಿನ್, ಡಿಸ್ಕ್ ಅಂತ ನೆವ ಹೇಳಿಕೊಂಡು ಅವರನ್ನ ಹಾಳುಮಾಡ್ತೀರಿ. ನನಗೂ ಬೇರೆ ಕೆಲಸ ಇದೆ. ಇನ್ನು ಮೇಲೆ ಸೋಮವಾರ ಬೆಳಗ್ಗೆ ಇವರನ್ನೆಲ್ಲ ಬೈಯೋದು ನಿಮ್ಮ ಡ್ಯೂಟಿ."

ಸ್ಕ್ರೂ ಸವೆಯಲಿಲ್ಲ, ಬೋರ್ಡು ಸುಡಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ನಾನು ಕೂಡಿಸಿಟ್ಟುಕೊಂಡಿದ್ದ ಅಷ್ಟು ಕೇಡುಗಳಲ್ಲಿ ಇಲ್ಲದೆ ಇದ್ದದ್ದು ಇದೊಂದೇ. ಆದದ್ದೂ ಇದೊಂದೇ.

ಮುಂದಿನ ಸೋಮವಾರ ಟಿವಿಯ ಮುಂದೆ ನಿಂತೆ. ಮುದಲಾಳಿ ತಮ್ಮ ಕೋಣೆಯ ಗಾಜಿನ ಹಿಂದಿನಿಂದ ನೋಡುತ್ತಿದ್ದರು. ಬೆವರು ಒರೆಸಿಕೊಂಡೆ, ಕೆಮ್ಮಿದೆ, ಬಾಯಿ ತೆರೆದೆ, ಮುಚ್ಚಿದೆ. ಮೊದಲ ಸಾಲಿನಲ್ಲಿ ನಿಂತಿದ್ದ ರೇಣುಕಾ ಸೆರಗು ಸಿಕ್ಕಿಸಿಕೊಂಡು ತನ್ನ ಮೇಜಿನ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು.

"ಲಗೂನ ಬೈರಿ ಸರ," ಅಂದಳು. "ನಂಗ ಕೆಲಸ ಐತಿ."